ಉಸಿರಿನ ಲೆಕ್ಕ: ಹೆರ್ಜೆಯ ಚಂದ್ರಯಾತ್ರೆಯ ಚಿತ್ರಕಥೆ

ಬೆಲ್ಜಿಯಂನ ಚಿತ್ರಕಾರ ಹೆರ್ಜೆ ರಚಿಸಿದ ಟಿನ್‌ಟಿನ್ ಸಾಹಸಮಾಲೆಯಲ್ಲಿ ಚಂದ್ರಯಾತ್ರೆಯನ್ನು ಕುರಿತ ಎರಡು ಸಂಪುಟಗಳಿವೆ. ಇವುಗಳ ಪ್ರಸ್ತಾಪ ಬಂದಾಗಲೆಲ್ಲ ಕೇಳಿಬರುವ ಪ್ರಶಂಸೆ ಒಂದೇ: ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿರಿಸಿದ 1969ಕ್ಕಿಂತ ಹದಿನೈದು ವರ್ಷಗಳಿಗೂ ಮೊದಲೇ ಹೆರ್ಜೆ ಅದನ್ನು ಕಂಡಿದ್ದನು ಎಂಬುದು. ಕೃತಿಯೊಂದನ್ನು ಭವಿಷ್ಯವಾಣಿಯೆಂದು ಹೊಗಳಿದಾಗ ಅದು ಸಾಹಿತ್ಯವಾಗಿ ಏನು ಸಾಧಿಸಿದೆಯೆಂಬ ಪ್ರಶ್ನೆ ಹಿಂದೆ ಸರಿಯುತ್ತದೆ. ಪ್ರಸ್ತುತ ಲೇಖನದಲ್ಲಿ ಆ ಪ್ರಶ್ನೆಯನ್ನೇ ಎತ್ತಿಕೊಳ್ಳಲು ಬಯಸುತ್ತೇನೆ.

ಈ ಕಥೆಯು 'ಟಿನ್‌ಟಿನ್' ವಾರಪತ್ರಿಕೆಯಲ್ಲಿ 1950ರ ಮಾರ್ಚ್‌ನಲ್ಲಿ ಆರಂಭವಾಗಿ 1953ರ ಡಿಸೆಂಬರಿನಲ್ಲಿ ಮುಗಿಯಿತು. ನಡುವೆ, ಹೆರ್ಜೆಯ ಅನಾರೋಗ್ಯದಿಂದಾಗಿ ಸುಮಾರು ಒಂದೂವರೆ ವರ್ಷ ನಿಂತುಹೋಗಿತ್ತು. ಪುಸ್ತಕರೂಪದಲ್ಲಿ ಮೊದಲ ಸಂಪುಟ 1953ರಲ್ಲಿಯೂ ಎರಡನೆಯದು 1954ರಲ್ಲಿಯೂ ಹೊರಬಂದವು. ನಮ್ಮಲ್ಲಿ ಹೆಚ್ಚಿನವರು ಓದಿರುವುದು 1959ರ ಇಂಗ್ಲಿಷ್ ಅನುವಾದವನ್ನು.

ಕೃತಿಯ ಹಿಂದಿರುವ ಸಿದ್ಧತೆ ಅಸಾಧಾರಣವಾದುದು. ಗಗನಯಾನವನ್ನು ಕುರಿತ ಅಲೆಕ್ಸಾಂಡ್ರ್ ಅನಾನೋಫ್ ಅವರ ಗ್ರಂಥವನ್ನು ಹೆರ್ಜೆ ಅಭ್ಯಸಿಸಿದನು. ಪ್ರಾಣಿಶಾಸ್ತ್ರಜ್ಞ ಬರ್ನಾರ್ಡ್ ಹ್ಯೂವೆಲ್ಮನ್ಸ್ ಅವರ ನೆರವು ಪಡೆದನು. ರಾಕೆಟ್ಟಿನ ಒಳವಿನ್ಯಾಸದಲ್ಲಿ ತಪ್ಪಾಗದಿರಲೆಂದು ಅದರ ಮಾದರಿಯನ್ನೇ ಮಾಡಿಸಿದನು. ಹೀಗಾಗಿ ಇಲ್ಲಿ ಫ್ಲ್ಯಾಶ್ ಗಾರ್ಡನ್ ಚಿತ್ರಕಥೆಯ ಮಿಂಗ್ ಚಕ್ರವರ್ತಿಯಂತಹ ಅನ್ಯಗ್ರಹದ ಖಳನಿಲ್ಲ. ಚಂದ್ರನಲ್ಲಿ ಕಲ್ಲು, ಧೂಳು, ಕಪ್ಪು ಆಕಾಶಗಳ ಹೊರತು ಬೇರೇನೂ ಇಲ್ಲ. ದೋಷಗಳಿಲ್ಲವೆಂದಲ್ಲ. ಚೂಪಾದ ಶಿಖರಗಳು ಆ ಕಾಲದ ಕಲ್ಪನೆ. ನಿಜವಾದ ಚಂದ್ರನ ಬೆಟ್ಟಗಳು ದುಂಡಾಗಿವೆ. ಗುಹೆಯೊಂದರಲ್ಲಿ ಟಿನ್‌ಟಿನ್ ಮಂಜುಗಡ್ಡೆಯ ಮೇಲೆ ಜಾರುವ ಪ್ರಸಂಗವನ್ನು ಬೆಂಗಳೂರಿನಲ್ಲಿ ರೂಪುಗೊಂಡ ಚಂದ್ರಯಾನ-1 ನೌಕೆಯ ಉಪಕರಣವು ಕಂಡುಕೊಟ್ಟ ನೀರಿನ ಅಣುಗಳೊಂದಿಗೆ ಜೋಡಿಸಿ ಸಂಭ್ರಮಿಸುವವರಿದ್ದಾರೆ. 2009ರಲ್ಲಿ ಪ್ರಕಟವಾದ ಆ ಶೋಧಕ್ಕೂ ಹೆರ್ಜೆಯ ಗುಹೆಗೂ ಹೆಸರಿನ ಸಾಮ್ಯವಷ್ಟೇ ಇದೆ. ಆ ಹೋಲಿಕೆಯನ್ನು ಎಳೆಯಬಾರದು.

ಮೊದಲ ಸಂಪುಟದ ಗತಿ ಮಂದವಾದುದು. ವಿವರಣೆಯ ಭಾರ ಹೆಚ್ಚು. ಕ್ಯಾಪ್ಟನ್ ಹ್ಯಾಡಾಕ್‌ನ ಸಿಡುಕು ಇಲ್ಲದಿದ್ದರೆ ಅದು ಪಠ್ಯಪುಸ್ತಕವಾಗಿಬಿಡುತ್ತಿತ್ತು. ಪ್ರೊಫೆಸರ್ ಕ್ಯಾಲ್ಕುಲಸ್‌ನನ್ನು ಅವನು ಹಂಗಿಸುವ ಮಾತು ಫ್ರೆಂಚ್ ಮೂಲದಲ್ಲಿ 'ಜುವಾವ್', ಅಂದರೆ ಉತ್ತರ ಆಫ್ರಿಕದ ಫ್ರೆಂಚ್ ಪಡೆಯ ಸಿಪಾಯಿ. ಇಂಗ್ಲಿಷಿನಲ್ಲಿ ಅದು ಮೇಕೆಯಾಯಿತು. ಕನ್ನಡಕ್ಕೆ ತರುವವರು 'ಕೋಡಂಗಿ' ಎನ್ನಬೇಕಾದೀತು. ಸದಾ ಸೌಮ್ಯನಾದ, ಕಿವಿ ಮಂದವಾದ ಆ ವಿಜ್ಞಾನಿಯು ಈ ಒಂದು ಮಾತಿಗೆ ಕೆರಳಿ ಇಡೀ ಕಾರ್ಖಾನೆಯನ್ನು ನಡುಗಿಸುವ ಪುಟಗಳು ಮಾಲೆಯ ಶ್ರೇಷ್ಠ ಹಾಸ್ಯಭಾಗಗಳಲ್ಲಿ ಸೇರುತ್ತವೆ.

ಆದರೆ ಕೃತಿಯ ನಿಜವಾದ ಬಲವಿರುವುದು ಒಂದು ಸರಳ ಲೆಕ್ಕದಲ್ಲಿ. ರಾಕೆಟ್ಟಿನಲ್ಲಿರುವ ಆಮ್ಲಜನಕವು ನಾಲ್ವರಿಗೆ ಸಾಕಾಗುವಷ್ಟು: ಟಿನ್‌ಟಿನ್, ಹ್ಯಾಡಾಕ್, ಕ್ಯಾಲ್ಕುಲಸ್ ಮತ್ತು ಎಂಜಿನಿಯರ್ ಫ್ರಾಂಕ್ ವುಲ್ಫ್. ಪತ್ತೇದಾರ ಜೋಡಿ ಥಾಮ್ಸನ್ ಮತ್ತು ಥಾಂಪ್ಸನ್, ಉಡಾವಣೆಯ ವೇಳೆ ರಾತ್ರಿ 1.34 ಎಂಬುದನ್ನು ಮಧ್ಯಾಹ್ನ 1.34 ಎಂದು ತಿಳಿದು ಒಳಗೇ ಉಳಿದುಬಿಡುತ್ತಾರೆ. ಓದುಗನು ನಗುತ್ತಾನೆ. ಆ ನಗುವಿನ ಬೆನ್ನಿಗೇ ಆರು ಮಂದಿಯ ಉಸಿರಿನ ಪ್ರಶ್ನೆ ಏಳುತ್ತದೆ. ಚಂದ್ರನ ಮೇಲೆ ತಂಗುವ ಅವಧಿಯನ್ನು ಮೊಟಕುಗೊಳಿಸಬೇಕಾಗುತ್ತದೆ. ಕಡೆಗೆ ಪೆಟ್ಟಿಗೆಯೊಳಗೆ ಅಡಗಿ ಬಂದ ಶತ್ರು ಕರ್ನಲ್ ಜೋರ್ಗೆನ್ ಹೊರಬೀಳುವಾಗ ಸಂಖ್ಯೆ ಏಳಾಗುತ್ತದೆ. ವಿದೂಷಕರ ಪ್ರಮಾದವೂ ದ್ರೋಹಿಯ ಸಂಚೂ ಒಂದೇ ಲೆಕ್ಕದ ಪುಸ್ತಕದಲ್ಲಿ ಖರ್ಚಾಗಿ ಬರೆಯಲ್ಪಡುವ ಈ ಸಂವಿಧಾನವು ನನಗೆ ಬಹಳ ಹಿರಿದಾಗಿ ಕಾಣುತ್ತದೆ. ವಿಜ್ಞಾನದ ನಿಖರತೆ ಇಲ್ಲಿ ಅಲಂಕಾರವಲ್ಲ. ಗಾಳಿಯನ್ನು ಅಳೆದು ಇಟ್ಟಿದ್ದರಿಂದಲೇ ಮುಂದಿನ ಪ್ರತಿಯೊಂದು ದಯೆಗೂ ಬೆಲೆ ಬರುತ್ತದೆ. ಸೆರೆಸಿಕ್ಕ ಜೋರ್ಗೆನ್, ವುಲ್ಫ್ ಇಬ್ಬರನ್ನೂ ಚಂದ್ರನಲ್ಲೇ ಬಿಟ್ಟುಬಿಡೋಣವೆಂಬುದು ಹ್ಯಾಡಾಕ್‌ನ ಮಾತು. ಲೆಕ್ಕದ ದೃಷ್ಟಿಯಿಂದ ಅದು ಸರಿಯೂ ಹೌದು. ಟಿನ್‌ಟಿನ್ ಒಪ್ಪುವುದಿಲ್ಲ.

ಜೋರ್ಗೆನ್‌ನನ್ನು ಒಳಗೆ ಸೇರಿಸಿದವನು ವುಲ್ಫ್. ಅವನು ಮೆದು ಮಾತಿನ, ಶ್ರಮಜೀವಿಯಾದ ಎಂಜಿನಿಯರ್. ಜೂಜಿನ ಸಾಲದಲ್ಲಿ ಸಿಲುಕಿ, ಬೆದರಿಕೆಗೆ ಬಗ್ಗಿ, ಒಂದೊಂದೇ ಮೆಟ್ಟಿಲಿಳಿದು ದ್ರೋಹಕ್ಕೆ ತಲುಪಿದವನು. ಬಂದೂಕಿಗಾಗಿ ನಡೆದ ಸೆಣಸಾಟದಲ್ಲಿ ಜೋರ್ಗೆನ್ ಸತ್ತರೂ ಗಾಳಿ ಸಾಲದು. ಆಗ ವುಲ್ಫ್ ಒಂದು ಪತ್ರ ಬರೆದಿಟ್ಟು, ಉಳಿದವರು ನಿದ್ರಿಸುತ್ತಿರುವಾಗ ತಾನಾಗಿ ನೌಕೆಯಿಂದ ಶೂನ್ಯಕ್ಕೆ ಹೊರಟುಹೋಗುತ್ತಾನೆ.

ಇಲ್ಲಿ ಕರ್ತೃವಿನ ಚರಿತ್ರೆಯನ್ನು ನೆನೆಯದಿರುವುದು ಕಷ್ಟ. 1940ರಿಂದ 1944ರವರೆಗೆ ಬೆಲ್ಜಿಯಂ ಜರ್ಮನರ ವಶದಲ್ಲಿದ್ದಾಗ ಹೆರ್ಜೆ ಅವರ ಹಿಡಿತದಲ್ಲಿದ್ದ 'ಲ ಸ್ವಾರ್' ಪತ್ರಿಕೆಗೆ ಚಿತ್ರ ಬರೆದನು. ವಿಮೋಚನೆಯಾದ 1944ರ ಸೆಪ್ಟೆಂಬರಿನಲ್ಲಿ ಬಂಧನಕ್ಕೊಳಗಾದನು. ಕೆಲಕಾಲ ಪತ್ರಿಕೆಗಳಲ್ಲಿ ಕೆಲಸ ಮಾಡದಂತೆ ನಿರ್ಬಂಧವೂ ಇತ್ತು. 1946ರಲ್ಲಿ ಅವನಿಗೆ 'ಟಿನ್‌ಟಿನ್' ಪತ್ರಿಕೆಯ ಮೂಲಕ ಮತ್ತೆ ನೆಲೆ ಒದಗಿಸಿದ ರೇಮಂಡ್ ಲೆಬ್ಲಾಂಕ್ ಪ್ರತಿರೋಧ ಚಳವಳಿಯಲ್ಲಿದ್ದವನೆಂಬುದು ಗಮನಾರ್ಹ. ಆ ಬಿಳಿ-ಕೆಂಪು ಚೌಕಳಿಯ ರಾಕೆಟ್ಟಿನ ಆಕಾರವೂ ಮುಗ್ಧವಲ್ಲ. ಅದರ ಪೂರ್ವಜ ಜರ್ಮನಿಯ ವಿ-2. ಗುಲಾಮ ಕೈದಿಗಳ ದುಡಿಮೆಯಿಂದ ತಯಾರಾಗಿ ಲಂಡನ್, ಆ್ಯಂಟ್‌ವರ್ಪ್ ನಗರಗಳ ಮೇಲೆ ಬಿದ್ದ ಅಸ್ತ್ರವದು. ಯುದ್ಧಾನಂತರದ ಬೆಲ್ಜಿಯಂ ಓದುಗನಿಗೆ ಅದನ್ನು ಹೇಳಿಕೊಡಬೇಕಾದ ಅಗತ್ಯವಿರಲಿಲ್ಲ. ವುಲ್ಫ್ ಎಂದರೆ ಹೆರ್ಜೆಯೇ ಎಂದು ಸಮೀಕರಿಸುವ ವಿಮರ್ಶೆ ನನಗೆ ಒಪ್ಪಿಗೆಯಿಲ್ಲ, ಅದು ಪಾತ್ರವನ್ನು ಕುಬ್ಜಗೊಳಿಸುತ್ತದೆ. ಆದರೆ ದುರ್ಬಲತೆಯಿಂದ ತಪ್ಪುದಾರಿ ಹಿಡಿದವನನ್ನು ದುಷ್ಟನಿಂದ ಬೇರ್ಪಡಿಸಿ ನೋಡುವ ಈ ಕಣ್ಣು ಹೆರ್ಜೆಯ ಮೊದಲ ಕೃತಿಗಳಲ್ಲಿ ಇಷ್ಟು ತೆರೆದಿರಲಿಲ್ಲ. ಅಲ್ಲಿ ಖಳನು ಖಳನಾಗಿಯೇ ಉಳಿಯುತ್ತಿದ್ದನು.

ವುಲ್ಫ್‌ನ ಸಾವು ಮಕ್ಕಳ ಪತ್ರಿಕೆಯಲ್ಲಿ ಆತ್ಮಹತ್ಯೆಯಾಗಿ ಕಾಣಬಾರದೆಂಬ ಕ್ಯಾಥೊಲಿಕ್ ಒತ್ತಾಯವು ಹೆರ್ಜೆಯ ಮೇಲೆ ಬಂದಿತು. ಆದ್ದರಿಂದ, ಪವಾಡವೇನಾದರೂ ನಡೆದು ತಾನು ಬದುಕುಳಿದೇನು ಎಂಬರ್ಥದ ಮಾತೊಂದು ಪತ್ರದಲ್ಲಿ ಸೇರಿತು. ಹೀಗೆ ಸೇರಿಸಿದುದಕ್ಕಾಗಿ ಹೆರ್ಜೆ ಮುಂದೆ ವಿಷಾದಿಸಿದ್ದಾನೆ. ನಾನು ಪ್ರತಿ ಬಾರಿ ಓದುವಾಗಲೂ ಆ ಸಾಲನ್ನು ದಾಟಿ, ಪತ್ರವನ್ನು ಕೇಳಿ ಮೌನವಾದ ಹ್ಯಾಡಾಕ್‌ನ ಮುಖದ ಕಡೆಗೆ ಹೋಗುತ್ತೇನೆ.