ಹಳೀ ಅರಿವಿಗೆ ಭಾಂಡೆ: ಕಟ್ಟಿ ಮ್ಯಾಲಿಂದ ಫೋನಿನ ತನಕಾ

ಮಧ್ಯಾಹ್ನ ಊಟ ಮುಗಿಸಿ ಇನ್ನೇನು ಒಂದು ತಾಸು ಅಡ್ಡಾಗೋಣು ಅಂದ್ರ ಓಣ್ಯಾಗ ಕೂಗು ಕೇಳಸ್ತಿತ್ತು. “ಹಳೀ ಅರಿವಿಗೆ ಭಾಂಡೇಯ್!” ನಿಮಗೆಲ್ಲಾರಿಗೂ ನೆನಪಿರಬೇಕು. ತಲಿ ಮ್ಯಾಲ ಬುಟ್ಟಿ, ಅದರ ತುಂಬ ಸ್ಟೀಲಿನ ತಾಟು, ಡಬರಿ, ಬೋಗಾಣಿ. ಹೆಗಲಿಗೆ ಹಳೀ ಅರಿವಿ ಗಂಟು. ಕಟ್ಟಿ ಮ್ಯಾಲ ಕೂತು ನೀರು ಕುಡದು, ನಾವು ತಂದಿಟ್ಟ ಪ್ಯಾಂಟು, ಸೀರಿ ಒಂದೊಂದಾಗಿ ಬೆಳಕಿಗೆ ಹಿಡದು ನೋಡಾಕಿ. “ಇನ್ನೊಂದು ಸೀರಿ ಹಾಕ್ರಿ ಅವ್ವಾರ” ಅನ್ನಾಕಿ. ನಾವು “ಇಷ್ಟಕ್ಕ ಕೊಡತಿದ್ರ ಕೊಡು, ಇಲ್ಲಾಂದ್ರ ನಡಿ” ಅನ್ನಾವ್ರು.

1994ರಾಗ ನಮ್ಮ ಅತ್ತಿಯವರು ತೀರಿಕೊಂಡ ಮ್ಯಾಲ ಅವರ ಟ್ರಂಕು ತಗದ್ವಿ. ಚೊಲೋ ಇದ್ದ ಸೀರಿ ನಾದಿನಿಯರು ನೆನಪಿಗಂತ ಒಯ್ದ್ರು. ಮಡಿಕಿಗೆ ಸೀಳಿದ್ದು, ಹುಳಾ ತಿಂದದ್ದು ಎರಡು ಜರಿ ಸೀರಿ ಉಳದ್ವು. ಅವನ್ನ ಕೊಟ್ಟು ನಾನು ಹತ್ತು ಕಿಲೋ ಅಕ್ಕಿ ಹಿಡಿಯೋ ಸ್ಟೀಲ್ ಡಬ್ಬಿ ತೊಗೊಂಡೆ. ಭಾಳ ಖುಷಿ ಆಗಿದ್ದೆ. ಮುಂದ ಏಳೆಂಟು ವರ್ಷಕ್ಕ ನಮ್ಮ ಬಾಜೂ ಮನಿಯವರು ಅಂಥಾದ್ದೇ ಒಂದು ಹರದ ಸೀರಿ ಜರಿ ಕೊಳ್ಳಾವಂಗ ತೋರಿಸಿದ್ರು. ಅಂವ ಎಣಿಸಿಕೊಟ್ಟ ರೊಕ್ಕದಾಗ ನನ್ನಂಥಾ ಡಬ್ಬಿ ನಾಲ್ಕು ಬರ್ತಿದ್ವು. ಅವತ್ತ ನನಗ ಗೊತ್ತಾತು, ಹಳೇ ಜರಿ ಅಂದ್ರ ಬೆಳ್ಳಿ ತಂತಿ. ಅದನ್ನ ರೇಶಿಮಿ ಎಳಿಗೆ ಸುತ್ತಿ, ಮ್ಯಾಲ ಬಂಗಾರದ ಲೇಪ ಕೊಡತಿದ್ರು. ಸೀರಿ ಸುಟ್ಟರೂ ಬೆಳ್ಳಿ ಉಳೀತದ.

ಆ ಹೆಂಗಸು ನನಗ ಮೋಸ ಮಾಡಿದ್ಲು ಅಂತ ಹೇಳಾಕ ಬರಂಗಿಲ್ಲ. ಆಕಿಗೆ ಬೆಲಿ ಗೊತ್ತಿತ್ತು, ನನಗ ಗೊತ್ತಿದ್ದಿಲ್ಲ. ಈ ಹಳೀ ಸಾಮಾನಿನ ವ್ಯಾಪಾರದ ಇತಿಹಾಸಾನೇ ಇಷ್ಟು ಅಂತ ನನಗ ಅನಸ್ತದ: ಬೆಲಿ ಗೊತ್ತಿದ್ದಾವ್ರಿಗೆ ಫಾಯದಾ.

ಇದು ನಮ್ಮ ಧಾರವಾಡದ ಓಣಿ ಕತಿ ಅಷ್ಟೇ ಅಲ್ಲ. ಗುಜರಾತದ ಕಡೆ ವಾಘರಿ ಅನ್ನೋ ಸಮಾಜದ ಹೆಣ್ಣುಮಕ್ಕಳು ತಲೆಮಾರಿನಿಂದ ಇದೇ ಕಸಬು ಮಾಡ್ಕೋತ ಬಂದಾರ. ಅವರಿಗೆ ದೇವಿಪೂಜಕ ಅಂತನೂ ಕರೀತಾರ. ಅಹಮದಾಬಾದ, ಮುಂಬೈ, ದಿಲ್ಲಿ ಎಲ್ಲಾ ಕಡೆ ಭಾಂಡೆ ಕೊಟ್ಟು ಅರಿವಿ ಒಯ್ತಾರ. ದಿಲ್ಲಿಯ ರಘುಬೀರ ನಗರದಾಗ ಹೊತ್ತು ಮೂಡೂ ಮೊದಲ ಇದರ ಬಜಾರ ಕೂಡತದ. ಚೊಲೋ ಅರಿವಿ ಹೊಲದು, ಒಗದು, ಇಸ್ತ್ರಿ ಮಾಡಿ ಬಡವರ ಬಜಾರಕ್ಕ ಹೋಗ್ತಾವ. ಹರದ ಹತ್ತಿ ಅರಿವಿ ಮಶಿನ್ ಒರಸಾಕ ಕಾರ್ಖಾನಿಗೆ. ಜರಿ ಸೀರಿ ಬೆಳ್ಳಿ ತಗಿಯಾವ್ರ ಕಡೆ. ನಾವು ಬಿಸಾಕೋ ಸಾಮಾನು ಅಂತಿದ್ವಿ. ಅವರು ಅದರಾಗ ಮಕ್ಕಳನ್ನ ಬೆಳಸಿದ್ರು.

ಹಿತ್ತಾಳಿ ತಾಮ್ರದ ಕತಿನೂ ಹಂಗ. ನಮ್ಮ ಅವ್ವನ ಕಾಲದಾಗ ಹಂಡೆ, ಕೊಡ, ಪರಾತ ಎಲ್ಲಾ ತಾಮ್ರ ಇಲ್ಲಾ ಹಿತ್ತಾಳಿ. ಕಲಾಯಿ ಹಾಕಸಬೇಕು, ಹುಣಸಿಹಣ್ಣು ಹಚ್ಚಿ ತಿಕ್ಕಬೇಕು. ಸ್ಟೀಲ್ ಬಂದ ಮ್ಯಾಲ ಕೈಗೆ ಸುಖ ಆತು. 1980ರ ದಶಕದ ಸುರುವಿಗೆ ತಮಿಳುನಾಡಿನ ಸೇಲಂನ್ಯಾಗ ಸರಕಾರದ ಸ್ಟೇನ್‌ಲೆಸ್ ಸ್ಟೀಲ್ ಕಾರ್ಖಾನಿನೂ ಚಾಲೂ ಆತು. ಮನಿ ಮನ್ಯಾಗ ಹಂಡೆ ತೂಕಕ್ಕ ಹಾಕಿ ಸ್ಟೀಲ್ ತಂದ್ವಿ. ಈಗ ಅದೇ ಹಂಡೆ ಬೆಂಗಳೂರಿನ ಮಂದಿ ದುಪ್ಪಟ್ಟು ಕೊಟ್ಟು ಒಯ್ದು, ಹಾಲ್‌ನ್ಯಾಗ ಗಿಡಾ ಹಚ್ಚಿ ಇಡ್ತಾರ.

ಇಲ್ಲಿ ನಾವು ಕಟ್ಟಿ ಮ್ಯಾಲ ಚೌಕಾಶಿ ಮಾಡ್ಕೋತ ಕೂತಾಗ ಅಮೇರಿಕಾದಾಗ ಬ್ಯಾರೇ ಒಂದು ಕಟ್ಟಿ ಹುಟ್ಟಿತು. 1995ರ ಸೆಪ್ಟೆಂಬರ್‌ನ್ಯಾಗ ಕ್ಯಾಲಿಫೋರ್ನಿಯಾದ ಪಿಯರ್ ಒಮಿಡ್ಯಾರ್ ಅನ್ನೋ ಕಂಪ್ಯೂಟರ್ ಎಂಜಿನಿಯರ್ ‘ಆಕ್ಷನ್‌ವೆಬ್’ ಅಂತ ಸುರು ಮಾಡಿದ. ಯಾರು ಬೇಕಾದ್ರೂ ಹಳೀ ಸಾಮಾನು ಹರಾಜಿಗೆ ಇಡಬಹುದು. ಅಲ್ಲಿ ಮೊದಲು ಮಾರಾಟ ಆದದ್ದು ಏನು ಗೊತ್ತದ ಏನ್ರಿ? ಕೆಟ್ಟು ಹೋದ ಒಂದು ಲೇಸರ್ ಪಾಯಿಂಟರ್, 14 ಡಾಲರ್ 83 ಸೆಂಟಿಗೆ. ಒಮಿಡ್ಯಾರ್‌ನೇ ಗಾಬರಿ ಆಗಿ, ಇದು ಕೆಟ್ಟದ್ದು ಅಂತ ನಿಮಗ ಗೊತ್ತದ ಇಲ್ಲೋ ಅಂತ ಕೊಂಡಾವಗ ಕೇಳಿದ್ನಂತ. ಗೊತ್ತದ, ನಾನು ಕೆಟ್ಟದ್ದನ್ನೇ ಕೂಡಿಸಿಡ್ತೀನಿ ಅಂದ್ನಂತ ಅಂವ. 1997ರಾಗ ಇದಕ್ಕ ಇಬೇ ಅಂತ ಹೆಸರಾತು. ಮುಖಾ ನೋಡದ ಮಂದಿ ಒಬ್ಬರನ್ನೊಬ್ಬರು ನಂಬೋದು ಹ್ಯಾಂಗ? ಅದಕ್ಕ 1996ರಾಗೇ ಒಂದು ಉಪಾಯ ಹೂಡಿದ್ರು. ಕೊಂಡಾವ್ರು, ಮಾರಿದಾವ್ರು ಒಬ್ಬರ ಬಗ್ಗೆ ಒಬ್ಬರು ಬರೀಬೇಕು, ಅದನ್ನ ಎಲ್ಲಾರೂ ಓದಬೇಕು. ನಮ್ಮ ಓಣ್ಯಾಗ “ಆಕಿ ಕಡೆ ತೊಗೋಬ್ಯಾಡ್ರಿ, ತೂತಿನ ಡಬರಿ ಕೊಡತಾಳ” ಅಂತ ಹೇಳ್ತಿದ್ವೆಲ್ಲ, ಅದೇ.

ನಮ್ಮ ದೇಶದಾಗ 2000ರಾಗ ಮುಂಬೈಯಿಂದ ಬಾಜೀ ಡಾಟ್ ಕಾಮ್ ಅಂತ ಬಂತು. ನಾಲ್ಕು ವರ್ಷಕ್ಕ, 2004ರಾಗ, ಇಬೇದಾವ್ರು ಅದನ್ನ ಸುಮಾರು 5 ಕೋಟಿ ಡಾಲರ್‌ಗೆ ಕೊಂಡ್ರು. 2006ರಾಗ ಓಎಲ್‌ಎಕ್ಸ್, 2008ರಾಗ ಕ್ವಿಕರ್ ಹುಟ್ಟಿದ್ವು. ಹಳೀ ಸಾಮಾನು ಮಾರ್ರಿ ಅಂತ ಟೀವ್ಯಾಗ ಜಾಹೀರಾತು ಬರೂದು ನೋಡಿ ನಮ್ಮ ಮನಿಯವರು, “ನಮ್ಮನ್ನೂ ಮಾರ್ತಿ ಏನು ಮತ್ತ” ಅಂತ ನಗತಿದ್ರು. ಆದ್ರ ಅವಾಗ ಇದೆಲ್ಲಾ ಗಂಡಸರ ಕೆಲಸಾ. ಕಂಪ್ಯೂಟರ್ ಅವರ ಕೈಯಾಗ, ಮಾರೂದೂ ಬೈಕು, ಮೊಬೈಲು. ಹೆಣ್ಣುಮಕ್ಕಳ ಕೈಗೆ ಇದು ಬಂದದ್ದು 2016ರ ಮ್ಯಾಲ. ಆ ವರ್ಷಾನೇ ಅಗ್ಗದ ಇಂಟರ್‌ನೆಟ್ ಬಂತು, ಯುಪಿಐ ಬಂತು. ಫೋನ್ ನಮ್ಮದು, ಖಾತೆ ನಮ್ಮದು ಆತು.

ಫೋನ್ ಬಂದ ಮ್ಯಾಲ ನನಗ ಆದ ದೊಡ್ಡ ಫಾಯದಾ ಅಂದ್ರ ಮಾರೂದಲ್ಲ, ನೋಡೂದು. ಅಂಥಾ ಸಾಮಾನು ಬ್ಯಾರೆಯವರು ಎಷ್ಟಕ್ಕ ಇಟ್ಟಾರ ಅಂತ ಹತ್ತು ಕಡೆ ನೋಡಬಹುದು. ಆ ಅರಿವಿ ಹೆಂಗಸಿನ ಕಣ್ಣಾಗ ಇದ್ದ ವಿದ್ಯಾ ಈಗ ನಮಗೂ ಸಿಗತದ.

ನನ್ನ ಲೆಕ್ಕಾನೇ ಹೇಳ್ತೀನಿ. 2021ರಾಗ ಮೋಡಕಾ ಅಂಗಡ್ಯಾಗ ನಾಲ್ಕು ಖಾನೆಯ ಹಿತ್ತಾಳಿ ಊಟದ ಡಬ್ಬಿ ಕಂಡೆ. ತೂಕಕ್ಕ ಹಾಕಿ 800 ರೂಪಾಯಿ ಅಂದ. ಕಲಾಯಿ, ಹಿಡಿಕಿ ರಿಪೇರಿ ಸೇರಿ 250. ಕೊರಿಯರ್ 180. ಮಾರಿದ್ದು 1,900ಕ್ಕ. ಉಳದದ್ದು 670. ಎರಡು ದಿನ ತಿಕ್ಕಿದ ಕೂಲಿ ಇದರಾಗ ಹಿಡದಿಲ್ಲ. ತಳಕ್ಕ ನೆಗ್ಗು ಇತ್ತು. ಆ ನೆಗ್ಗಿಂದೇ ಒಂದು ಫೋಟೋ ತಗದು ಹಾಕಿದ್ದೆ. ಕೊಂಡ ಪುಣೆಯ ಹೆಣ್ಣುಮಗಳು, “ನೆಗ್ಗು ನೋಡಿದ ಮ್ಯಾಲೇ ಇದು ಖರೇ ಹಳೇದು ಅಂತ ನಂಬಿಕಿ ಬಂತ್ರಿ” ಅಂದ್ಲು. ಎಲ್ಲಾ ಹಿಂಗ ಆಗಂಗಿಲ್ಲ. 600 ಕೊಟ್ಟು ತಂದ ಮಿಕ್ಸರ್‌ನ ಮೋಟಾರೇ ಸುಟ್ಟಿತ್ತು, 150ಕ್ಕ ಗುಜರಿಗೆ ಹಾಕಿದೆ. ಅವತ್ತಿಂದ ಕರೆಂಟಿನ ಸಾಮಾನು ಮುಟ್ಟಂಗಿಲ್ಲ. ನನಗ ತಿಳಿಯೋದು ಭಾಂಡೆ ಮತ್ತ ಸೀರಿ. ಅಷ್ಟೇ ಮಾಡ್ತೀನಿ.

ಇಳಕಲ್ ಸೀರಿ, ಅದರಾಗೂ ಕೈಲೇ ಕಸೂತಿ ಹಾಕಿದ್ದು ಇದ್ರ ಅವಸರಾ ಮಾಡಬ್ಯಾಡ್ರಿ. ಗೋಪುರ, ತೇರು, ಆನಿ, ತುಳಸಿಕಟ್ಟಿ ಎಳಿ ಎಣಿಸಿ ತಗದಿರ್ತಾರ. ಗವಂತಿ, ಮುರಗಿ ಹೊಲಿಗಿ ಆದ್ರ ಎರಡೂ ಕಡೆ ಒಂದೇ ಸಮ ಕಾಣಬೇಕು, ಹಿಂದ ಗಂಟು ಇರಬಾರದು. ಸೀರಿ ಹರದಿದ್ರೂ ಆ ಸೆರಗಿಗೆ ಕೊಳ್ಳಾವ್ರು ಇರ್ತಾರ.

ಇನ್ನ ಮೋಸ. ಹಿಂದಕ ಮೋಸ ಅಂದ್ರ ತೂತಿನ ಡಬರಿ. ಈಗ ಬ್ಯಾಂಕಿನ ಖಾತೆನೇ ಖಾಲಿ ಆಗ್ತದ. ನನಗೂ ಒಬ್ಬ ಫೋನ್ ಮಾಡಿದ್ದ. ಮಿಲಿಟರಿಯವ ಅಂತ ಹೇಳಿದ, ಸಾಮಾನು ನೋಡದೇ ಒಪ್ಪಿದ. “ರೊಕ್ಕ ಕಳಸ್ತೀನಿ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ರಿ ಅಮ್ಮಾ” ಅಂದ. ಒತ್ತೂದ್ರಾಗ ನಮ್ಮ ಸೊಸಿ ಕೈ ಹಿಡದ್ಲು. ನೆನಪಿಡ್ರಿ: ರೊಕ್ಕ ಬರೂದಕ್ಕ ಪಿನ್ ಬೇಕಾಗಿಲ್ಲ, ಸ್ಕ್ಯಾನೂ ಬೇಕಾಗಿಲ್ಲ. ಪಿನ್ ಒತ್ತೂದು ರೊಕ್ಕ ಕೊಡೂವಾಗ ಅಷ್ಟೇ. ಚೌಕಾಶಿ ಮಾಡದೇ ಒಪ್ಪಿಕೊಂಡಾವನ ಮ್ಯಾಲ ಮೊದಲೇ ಸಂಶಯಾ ಬರಬೇಕಿತ್ತು ನನಗ.

ಕಟ್ಟಿ ಮ್ಯಾಲಿನ ಕಾಲದಾಗ ನಮಗ ರೊಕ್ಕ ಸಿಗತಿದ್ದಿಲ್ಲ, ಭಾಂಡೆ ಸಿಗತಿತ್ತು. ಅದು ಮನಿದು ಆಗತಿತ್ತು. ಈಗ ಬರೂದು ಸಣ್ಣದಾದ್ರೂ ರೊಕ್ಕ, ನನ್ನ ಹೆಸರಿನ ಖಾತೆಗೆ ಬರ್ತದ. ಹ್ವಾದ ವರ್ಷ ಮೊಮ್ಮಗಳ ಕಿವಿಗೆ ಅದರಾಗೇ ಬೆಂಡೋಲಿ ಮಾಡಿಸಿದೆ. ಯಾರನ್ನೂ ಕೇಳಲಿಲ್ಲ.

ಆ ಸ್ಟೀಲ್ ಡಬ್ಬಿ ಇನ್ನೂ ಅಡಿಗಿ ಮನ್ಯಾಗ ಅದ. ದಿನಾ ಅಕ್ಕಿ ತಗೀವಾಗ ಅತ್ತಿಯವರ ಸೀರಿ ಅಂಚು ಕಣ್ಣಿಗೆ ಕಟ್ಟತದ. ನಿಮ್ಮ ಯಾರ ಟ್ರಂಕಿನ್ಯಾಗ ಹಂಥಾ ಸೀರಿ ಅವೋ, ಕೊಡೂ ಮೊದಲ ಒಂದು ಸಲ ನನಗ ತೋರಸ್ರಿ. ಚಹಾ ಕುಡಕೋತ ಬೆಲಿ ನೋಡೋಣು.