ಅಮರ ಚಿತ್ರಕಥೆ: ಕನ್ನಡದ ಮೊದಲ ಮಾಲೆ

ಇಂಡಿಯಾ ಬುಕ್ ಹೌಸ್ ಸಂಸ್ಥೆ 1965ರಲ್ಲಿ ಬೆಂಗಳೂರಿನಿಂದ ಹೊರತಂದ ಮಕ್ಕಳ ಚಿತ್ರಕಥೆಗಳ ಮಾಲೆ. ಅಮರ ಚಿತ್ರಕಥೆ ಆರಂಭವಾದದ್ದು ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ. ಇದರ ರೂವಾರಿ ಜಿ. ಕೆ. ಅನಂತರಾಮ್.

ವಸ್ತು: ಮೊದಲ ಹತ್ತು ಪುಸ್ತಕಗಳು ಹೊರನಾಡಿನ ಅದ್ಭುತ ಕಥೆಗಳು. ಸಿಂಡ್ರೆಲಾ, ಸ್ನೋವೈಟ್ ಹಾಗೂ ಶಾಪದಿಂದ ನಿದ್ರೆಗೆ ಜಾರಿದ ರಾಜಕುಮಾರಿಯ ಕಥೆಗಳಲ್ಲಿ ಮಾಟ, ಮಾಯೆಗಳ ಜೊತೆ ಪ್ರಣಯವೂ ಇದೆ. ಅಲ್ಲಾದೀನನ ಅದ್ಭುತ ದೀಪ, ಪಿನೋಕಿಯೋ ಕಥೆಗಳೂ ಇದೇ ಮಾಲೆಯಲ್ಲಿ ಬಂದವು.

ಮುಂದುವರಿಕೆ: ಕನ್ನಡ ಪುಸ್ತಕಗಳ ಯಶಸ್ಸು ಸಂಸ್ಥೆಯ ಮುಂಬಯಿ ಕಚೇರಿಯ ಗಮನ ಸೆಳೆಯಿತು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ (1929–2011) ಸಂಪಾದಕತ್ವದಲ್ಲಿ ಮಾಲೆ ಭಾರತೀಯ ಪುರಾಣ, ಇತಿಹಾಸಗಳತ್ತ ಹೊರಳಿತು. ಹತ್ತು ಸಂಖ್ಯೆಗಳು ಕನ್ನಡ ಪುಸ್ತಕಗಳಿಗೆ ಸಂದಿದ್ದರಿಂದ ಇಂಗ್ಲಿಷಿನ ಮೊದಲ ಪುಸ್ತಕ ‘ಕೃಷ್ಣ’ಕ್ಕೆ 11ನೆಯ ಸಂಖ್ಯೆ ಬಂದಿತು. ಅದರ ಚಿತ್ರಕಾರ ರಾಮ್ ವಾಯೀರ್‌ಕರ್.

ಹೋಲಿಕೆ: ಜಪಾನಿನಲ್ಲಿ 1959ರಲ್ಲಿಯೇ ‘ಶೋನೆನ್ ಸಂಡೇ’, ‘ಶೋನೆನ್ ಮ್ಯಾಗಜೀನ್’ ವಾರಪತ್ರಿಕೆಗಳು ಹದಿಹರೆಯದ ಹುಡುಗರಿಗಾಗಿ ಹುಟ್ಟಿದ್ದವು. ಅಲ್ಲಿನ ಮಾಂಗಾಗಳು, ಅಂದರೆ ಜಪಾನಿ ಚಿತ್ರಕಥೆಗಳು, ಧಾರಾವಾಹಿಯಾಗಿ ವರ್ಷಗಟ್ಟಲೆ ಬೆಳೆಯುತ್ತವೆ. ರುಮಿಕೊ ತಕಾಹಾಶಿಯವರ ಅದ್ಭುತ-ಪ್ರಣಯ ಕಥನ ‘ಇನುಯಾಶಾ’ 1996ರಿಂದ 2008ರವರೆಗೆ ನಡೆದು 56 ಸಂಪುಟಗಳಾಯಿತು. ಅಮರ ಚಿತ್ರಕಥೆಯಲ್ಲಿ ಸಾಮಾನ್ಯವಾಗಿ ಒಂದು ಪುಸ್ತಕಕ್ಕೆ ಒಂದು ಪೂರ್ಣ ಕಥೆ.