ಪೆಷ್ಟಿಗೋ: ಒಂದು ನಾಟಾ ಪಟ್ಟಣದ ಹೊಗೆಯೂ ಕಾಡ್ಗಿಚ್ಚೂ

ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಈಶಾನ್ಯ ಭಾಗದಲ್ಲಿ, ಗ್ರೀನ್ ಬೇ ಎಂಬ ಕೊಲ್ಲಿಯನ್ನು ಸೇರುವ ನದಿಯೊಂದರ ಉಭಯ ತೀರಗಳಲ್ಲಿ ಬೆಳೆದಿದ್ದ ಪೆಷ್ಟಿಗೋ ಪಟ್ಟಣವು 1871ನೆಯ ಅಕ್ಟೋಬರ್ 8ರ ಭಾನುವಾರ ರಾತ್ರಿ ಕಾಡ್ಗಿಚ್ಚಿಗೆ ಸಿಕ್ಕಿ ಭಸ್ಮವಾಯಿತು. ಅದೇ ರಾತ್ರಿ ಹೊತ್ತಿಕೊಂಡ ಷಿಕಾಗೋ ನಗರದ ಬೆಂಕಿಯಲ್ಲಿ ಸುಮಾರು 300 ಮಂದಿ ಮಡಿದರು. ಪೆಷ್ಟಿಗೋ ಮತ್ತು ಅದರ ಸುತ್ತಲಿನ ಕಾಡುಗಳಲ್ಲಿ ಮಡಿದವರ ಸಂಖ್ಯೆಯನ್ನು 1,200ರಿಂದ 2,500ರವರೆಗೆ ಅಂದಾಜು ಮಾಡಲಾಗಿದೆ. ಲೆಕ್ಕದಲ್ಲಿ ಇಷ್ಟೊಂದು ಅಂತರವೇಕೆಂದರೆ, ಅನೇಕ ಕುಟುಂಬಗಳಲ್ಲಿ ಸತ್ತವರ ಹೆಸರು ಹೇಳುವುದಕ್ಕೂ ಯಾರೊಬ್ಬರೂ ಉಳಿದಿರಲಿಲ್ಲ. ಗುರುತು ಸಿಕ್ಕದ ಸುಮಾರು 350 ಶವಗಳನ್ನು ಒಂದೇ ಸಮಾಧಿಯಲ್ಲಿ ಹೂಳಬೇಕಾಯಿತು. ಆದರೆ ಆ ರಾತ್ರಿಯ ಜ್ವಾಲೆಗಿಂತ ಅದಕ್ಕೆ ಹಿಂದಿನ ವಾರಗಳ ಹೊಗೆಯೇ ಚರಿತ್ರಕಾರನಿಗೆ ಹೆಚ್ಚಿನದನ್ನು ತಿಳಿಸುವುದೆಂಬುದು ಈ ಲೇಖನದ ಪ್ರತಿಪಾದನೆ.

ಪೆಷ್ಟಿಗೋ ಮರದಿಂದ ಹುಟ್ಟಿ ಮರದಿಂದಲೇ ಜೀವಿಸುತ್ತಿದ್ದ ಊರು. ಷಿಕಾಗೋದ ಪ್ರಥಮ ಮೇಯರ್ ಆಗಿದ್ದ ವಿಲಿಯಂ ಆಗ್ಡನ್ನನ ಕಂಪನಿಯು ಇಲ್ಲಿ ಬಕೆಟ್ಟು, ತೊಟ್ಟಿ ಮುಂತಾದ ಮರದ ಸಾಮಾನುಗಳ ಬೃಹತ್ ಕಾರ್ಖಾನೆಯನ್ನು ನಡೆಸುತ್ತಿದ್ದಿತು. ಮನೆಗಳೂ ಕಾಲುದಾರಿಗಳೂ ಮರದವು. ಬೀದಿಗಳ ಮೇಲೆ ಹರಡಿದ್ದುದು ಗರಗಸದ ಹೊಟ್ಟು. ಊರಿನ ಹೊರಗೆ, ನೆಟ್ಟನೆಯ ಬಿಳಿ ಪೈನ್ ಮರಗಳನ್ನು ಕಡಿದು ಒಳ್ಳೆಯ ದಿಮ್ಮಿಗಳನ್ನು ಸಾಗಿಸಿದ ಮೇಲೆ ಉಳಿದ ತುದಿ, ರೆಂಬೆ, ತೊಗಟೆಗಳು ಬಿದ್ದ ಜಾಗದಲ್ಲಿಯೇ ಒಣಗುತ್ತಿದ್ದವು. ರೈಲು ದಾರಿಗಾಗಿ ಕಾಡು ಸವರುತ್ತಿದ್ದವರೂ ಹೊಲಕ್ಕಾಗಿ ನೆಲ ಬಿಡಿಸುತ್ತಿದ್ದ ರೈತರೂ ಈ ಕಸವನ್ನು ಸುಡುವುದೇ ರೂಢಿಯಾಗಿತ್ತು. ಆ ವರ್ಷ ಬೇಸಗೆಯಲ್ಲಿ ಮಳೆ ಕೈಕೊಟ್ಟು, ಜೌಗು ನೆಲಗಳು ಸಹ ಒಣಗಿ, ಬೆಂಕಿಯು ಬೇರುಗಳನ್ನೂ ನೆಲದ ಮಣ್ಣನ್ನೂ ಹಿಡಿದು ವಾರಗಟ್ಟಲೆ ಒಳಗೊಳಗೇ ಬೇಯುತ್ತಿದ್ದಿತು.

ಹೀಗೆ ಸೆಪ್ಟೆಂಬರ್ ತಿಂಗಳೆಲ್ಲ ಆ ಪ್ರದೇಶದ ಮೇಲೆ ಹೊಗೆ ಕವಿದಿದ್ದು, ಕೊಲ್ಲಿಯಲ್ಲಿ ಹಡಗುಗಳಿಗೆ ದಡ ಕಾಣುವುದೇ ಕಷ್ಟವಾಯಿತು. ಸೆಪ್ಟೆಂಬರ್ 24ರಂದು ಕಿಚ್ಚು ಊರ ಅಂಚಿನವರೆಗೂ ಬಂದು, ಜನರ ಶ್ರಮದಿಂದ ಕಾರ್ಖಾನೆ ಉಳಿಯಿತು. ನನ್ನ ಅಭಿಪ್ರಾಯದಲ್ಲಿ ಈ ಗೆಲುವೇ ಅತ್ಯಂತ ಅಪಾಯಕರವಾದುದು. ಒಮ್ಮೆ ತಡೆದ ಬೆಂಕಿಯನ್ನು ಮತ್ತೊಮ್ಮೆ ತಡೆಯಬಹುದೆಂಬ ವಿಶ್ವಾಸವೂ, ದಿನವೂ ಕಾಣುವ ಹೊಗೆ ಭಯಪಡಬೇಕಾದುದಲ್ಲವೆಂಬ ಭಾವನೆಯೂ ಕೂಡಿಕೊಂಡು, ಜನರು ಊರು ಬಿಡದೆ ನಿಂತರು. ಫ್ರಾನ್ಸಿನಲ್ಲಿ ಹುಟ್ಟಿ ಈ ಊರಿನ ಪಾದ್ರಿಯಾಗಿದ್ದ ಪೀಟರ್ ಪೆರ್ನಿನ್ 1874ರಲ್ಲಿ ಪ್ರಕಟಿಸಿದ ವೃತ್ತಾಂತವು ಇದಕ್ಕೆ ಶ್ರೇಷ್ಠವಾದ ಸಾಕ್ಷ್ಯ. ಆ ಭಾನುವಾರ ಸಂಜೆ ಮನಸ್ಸಿನ ಕಳವಳದಿಂದ ತೋಟದಲ್ಲಿ ಗುಂಡಿ ತೋಡಿ ಸಾಮಾನುಗಳನ್ನು ಹೂಳುತ್ತಿದ್ದ ಆತನು, ಪಶ್ಚಿಮದ ಕೆಂಪು ಹೆಚ್ಚಿ ಗರ್ಜನೆಯಂಥ ಸದ್ದು ಸಮೀಪಿಸಿದಾಗ ನದಿಗೆ ಓಡಿ, ನೀರಿನಲ್ಲಿ ಐದು ಗಂಟೆಗೂ ಮಿಕ್ಕಿ ನಿಂತು ಬದುಕಿದನು. ನದಿ ಸೇರಿದವರಲ್ಲಿಯೂ ಕೆಲವರು ಮುಳುಗಿ, ಕೆಲವರು ಚಳಿಯಿಂದ ಸತ್ತರೆಂಬುದು ಹೃದಯವಿದ್ರಾವಕವಾದ ಸಂಗತಿ.

ಈ ದುರಂತಕ್ಕೆ ಧೂಮಕೇತುವಿನ ಚೂರುಗಳೇ ಕಾರಣವೆಂದು ಇಗ್ನೇಷಿಯಸ್ ಡಾನೆಲಿ 1883ರಲ್ಲಿ ವಾದಿಸಿದನು. ಈ ವಾದವು ಅಗ್ರಾಹ್ಯ. ವಾರಗಳಿಂದ ಉರಿಯುತ್ತಿದ್ದ ನೂರಾರು ಸಣ್ಣ ಬೆಂಕಿಗಳನ್ನು ಅಂದಿನ ಬಿರುಗಾಳಿಯೇ ಒಂದುಗೂಡಿಸಿತೆಂದ ಮೇಲೆ ಆಕಾಶದ ಕಡೆ ನೋಡಬೇಕಾದ ಅಗತ್ಯವಿಲ್ಲ. ಅದಕ್ಕೂ ಮಿಗಿಲಾಗಿ, ಇಂಥ ವಾದಗಳು ಕೊಡಲಿ ಹಿಡಿದವರ ಮತ್ತು ಹಿಡಿಸಿದವರ ಹೊಣೆಯನ್ನು ಮರೆಮಾಡುತ್ತವೆ. ದುರಂತಕ್ಕೆ ನಾಲ್ಕು ವರ್ಷ ಮೊದಲೇ, 1867ರಲ್ಲಿ, ಇನ್‌ಕ್ರೀಸ್ ಲ್ಯಾಫಮ್ ಎಂಬ ವಿದ್ವಾಂಸನು ಅರಣ್ಯನಾಶದ ದುಷ್ಪರಿಣಾಮಗಳನ್ನು ಕುರಿತು ವಿಸ್ಕಾನ್ಸಿನ್ ಸರ್ಕಾರಕ್ಕೆ ವರದಿಯನ್ನು ಒಪ್ಪಿಸಿದ್ದನು; ಕಡಿತವೇನೋ ನಿಲ್ಲಲಿಲ್ಲ.

ವಿಚಾರಪೂರ್ವಕವಾದ ಅರಣ್ಯಪಾಲನೆಯು ಆ ದೇಶಕ್ಕೆ ತಡವಾಗಿಯೇ ಬಂದಿತು. ಭಾರತದ ಪ್ರಥಮ ಅರಣ್ಯ ಮಹಾ ನಿರೀಕ್ಷಕನಾಗಿದ್ದ ಡೀಟ್ರಿಕ್ ಬ್ರಾಂಡಿಸನಿಂದ ಮಾರ್ಗದರ್ಶನ ಪಡೆದ ಗಿಫರ್ಡ್ ಪಿಂಚೊ 1905ರಲ್ಲಿ ಅಮೆರಿಕದ ಅರಣ್ಯ ಸೇವೆಯ ಮುಖ್ಯಾಧಿಕಾರಿಯಾದನು. 1910ರ ಮಹಾಗ್ನಿಯು ಐಡಾಹೊ ಮತ್ತು ಮೊಂಟಾನಾಗಳಲ್ಲಿ ಸುಮಾರು 30 ಲಕ್ಷ ಎಕರೆ ಕಾಡನ್ನು ಸುಟ್ಟ ಮೇಲೆ, ಸಂಸ್ಥಾನಗಳೊಡನೆ ಕೂಡಿ ಬೆಂಕಿಯನ್ನು ತಡೆಯುವುದಕ್ಕೆ 1911ರ ವೀಕ್ಸ್ ಶಾಸನವು ದಾರಿಮಾಡಿತು.

ಇಂದಿನ ಪೆಷ್ಟಿಗೋ ಸುಮಾರು 3,400 ಜನರ ಊರು. ಅಗ್ನಿಕಾಂಡದ ಸ್ಮರಣೆಗೆ ಅಲ್ಲೊಂದು ವಸ್ತುಸಂಗ್ರಹಾಲಯವಿದೆ. 2023ರ ಜೂನ್ ಕೊನೆಯಲ್ಲಿ ವಿಸ್ಕಾನ್ಸಿನ್ನಿನ ಮೇಲೆ ಮತ್ತೆ ದಟ್ಟವಾದ ಹೊಗೆ ಹಬ್ಬಿತು. ಈ ಸಲ ಅದು ಬಂದುದು ನೂರಾರು ಮೈಲಿಗಳಾಚೆಯ ಕೆನಡಾದಿಂದ. ಅಲ್ಲಿ ಆ ವರ್ಷ ಬಿಸಿಲು ಬರಗಳ ತೀವ್ರತೆಯಿಂದ ಸುಮಾರು ಒಂದೂವರೆ ಕೋಟಿ ಹೆಕ್ಟೇರ್ ಪ್ರದೇಶವು ಸುಟ್ಟಿತು. ಎರಡು ಹೊಗೆಗಳ ಮೂಲವನ್ನು ಒಂದೆಂದು ಹೇಳುವುದು ಸರಿಯಲ್ಲ. ಈಗಿನ ಹೊಗೆಯ ಸೂಕ್ಷ್ಮ ಕಣಗಳನ್ನು ಅಳೆಯುವ ಉಪಕರಣಗಳಿವೆ. ವೃದ್ಧರು, ಮಕ್ಕಳು, ಶ್ವಾಸರೋಗಿಗಳು ಒಳಗಿರಬೇಕೆಂದು ಮುಂಚಿತವಾಗಿಯೇ ಸೂಚನೆ ಹೊರಡುತ್ತದೆ. 1871ರ ಜನರಿಗೆ ಕೆಂಪಾದ ಕಣ್ಣುಗಳ ಹೊರತು ಬೇರೆ ಮಾಪಕವಿರಲಿಲ್ಲ.

ಆದರೂ ಒಂದು ವಿಷಯದಲ್ಲಿ ಕಾಲವು ಅಷ್ಟಾಗಿ ಬದಲಾಗಿಲ್ಲ. ವಿಸ್ಕಾನ್ಸಿನ್ನಿನಲ್ಲಿ ಕಾಡ್ಗಿಚ್ಚುಗಳ ಪ್ರಧಾನ ಕಾರಣ ಈಗಲೂ ಮನುಷ್ಯನು ಒಣಗಿದ ಎಲೆ, ಕಡ್ಡಿ, ಕಸಗಳಿಗೆ ಹಚ್ಚುವ ಬೆಂಕಿಯೇ ಆಗಿದೆ.